ಹಳೆ ಡಿಫರೆನ್ಷಿಯಲ್ ಗೇರ್ ಮತ್ತೆ ಕೂರಿಸುವುದು ಹೇಗೆ: ಕ್ಲಾಸಿಕ್ ಕಾರಿನ ಹಿಂದಿನ ಆಕ್ಸಲ್‌ಗೆ ಸಮಗ್ರ ಮಾರ್ಗದರ್ಶಿ

"ಬಿಚ್ಚುವ ಮೊದಲು ಸದ್ದೇ ಇರಲಿಲ್ಲ. ಬೇರಿಂಗ್, ಸೀಲ್ ಮಾತ್ರ ಬದಲಿಸಿದ್ದು. ಈಗ 60 ಕಿ.ಮೀ. ವೇಗ ದಾಟಿದರೆ ಹಿಂದಿನಿಂದ ಕುಂಯ್ ಅಂತ ಕೂಗುತ್ತೆ." ಹಳೆ ಗೇರ್ ಮತ್ತೆ ಜೋಡಿಸಿದವರು ಪದೇ ಪದೇ ಹೇಳುವ ಮಾತು ಇದು. ಹೆಚ್ಚಿನವರು ಕೈಪಿಡಿ ಪಕ್ಕದಲ್ಲಿ ಇಟ್ಟುಕೊಂಡೇ ಕೆಲಸ ಮಾಡಿರುತ್ತಾರೆ. ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಆಟ) ಕೂಡ ಅದರಲ್ಲಿ ಬರೆದಷ್ಟೇ ಇಟ್ಟಿರುತ್ತಾರೆ. ತಪ್ಪು ಆಗುವುದು ಅಲ್ಲೇ.

ಕೈಪಿಡಿಯ ಅಳತೆ ಹೊಸ ಗೇರಿಗೆ ಬರೆದದ್ದು. ಹಳೆ ಕ್ರೌನ್ (ಆಕ್ಸಲ್ ತಿರುಗಿಸುವ ದೊಡ್ಡ ಗೇರ್) ಮತ್ತು ಪಿನಿಯನ್ (ಎಂಜಿನ್ ಕಡೆಯಿಂದ ಬಂದು ಅದನ್ನು ತಿರುಗಿಸುವ ಸಣ್ಣ ಗೇರ್) ವರ್ಷಗಟ್ಟಲೆ ಒಂದರ ಮೇಲೊಂದು ಉರುಳಿ, ಒಂದರ ಹಲ್ಲು ಇನ್ನೊಂದಕ್ಕೆ ಒಗ್ಗಿಕೊಂಡಿರುತ್ತದೆ. ತಮ್ಮ ಜಾಗವನ್ನು ತಾವೇ ಮಾಡಿಕೊಂಡಿರುತ್ತವೆ. ಆ ಜಾಗ ಯಾವುದು ಅಂತ ಹುಡುಕಿ, ಅಲ್ಲಿಗೇ ವಾಪಸ್ ಕೂರಿಸುವುದು ನಿಮ್ಮ ಕೆಲಸ. ಕೆಳಗಿನ ಹಂತಗಳೆಲ್ಲ ಇದಕ್ಕಾಗಿಯೇ ಇವೆ. ಕ್ರಮ ತಪ್ಪಿಸಬೇಡಿ. ಇಲ್ಲಿ ಒಂದು ಹಂತ ಹಾರಿಸಿದರೆ ನಾಲ್ಕು ಹಂತ ಹಿಂದೆ ಹೋಗಬೇಕಾಗುತ್ತದೆ.

## ಮೊದಲು ನಾಲ್ಕು ಮಾತು ತಿಳಿದಿರಲಿ

ಪಿನಿಯನ್ ಆಳ ಅಂದರೆ ಪಿನಿಯನ್ ತಲೆ ಕ್ರೌನ್ ವೀಲ್‌ನ ನಡುಗೆರೆಗೆ ಎಷ್ಟು ಹತ್ತಿರ ಕೂತಿದೆ ಅನ್ನುವುದು. ಇದನ್ನು ಶಿಮ್, ಅಂದರೆ ಬೇರಿಂಗ್ ಪಕ್ಕ ಕೂರಿಸುವ ತೆಳು ಲೋಹದ ಬಿಲ್ಲೆ, ನಿರ್ಧರಿಸುತ್ತದೆ.

ಬ್ಯಾಕ್‌ಲ್ಯಾಶ್ ಅಂದರೆ ಪಿನಿಯನ್ ಅಲುಗದಂತೆ ಹಿಡಿದಾಗ ಕ್ರೌನ್ ಹಲ್ಲು ಆಚೀಚೆ ಆಡುವ ಅಳತೆ.

ಪ್ರೀಲೋಡ್ ಅಂದರೆ ಬೇರಿಂಗ್‌ಗೆ ಮೊದಲೇ ಕೊಟ್ಟಿರುವ ಬಿಗಿ. ಪಿನಿಯನ್ ಬೇರಿಂಗ್‌ಗೆ ಒಂದು, ಕ್ರೌನ್ ಕೂತಿರುವ ಕೇಸ್‌ನ ಬೇರಿಂಗ್‌ಗೆ ಇನ್ನೊಂದು.

ಡ್ರೈವ್ ಸೈಡ್, ಕೋಸ್ಟ್ ಸೈಡ್. ಕ್ರೌನ್ ಹಲ್ಲಿನ ಉಬ್ಬಿದ ಮೈ ಡ್ರೈವ್ ಸೈಡ್. ಆಕ್ಸಿಲರೇಟರ್ ಒತ್ತಿದಾಗ ಭಾರ ಬೀಳುವುದು ಅದರ ಮೇಲೆ. ತಗ್ಗಿದ ಮೈ ಕೋಸ್ಟ್ ಸೈಡ್. ಕಾಲು ತೆಗೆದು ಗೇರ್‌ನಲ್ಲೇ ಕಾರು ಉರುಳುವಾಗ ಕೆಲಸ ಮಾಡುವುದು ಅದು. ಇನ್ನು ಹಲ್ಲಿನ ದಪ್ಪ ತುದಿ ಕ್ರೌನ್‌ನ ಹೊರಗಿನ ಅಂಚಿಗೆ ಇರುತ್ತದೆ. ಅದನ್ನು ಇಲ್ಲಿ ಹೊರತುದಿ ಅನ್ನೋಣ. ಸಣ್ಣದು ಒಳತುದಿ. ಮೇಲ್ಭಾಗ ನೆತ್ತಿ, ಕೆಳಭಾಗ ಬುಡ.

## ಬೇಕಾದ ಸಾಮಾನು

ಮ್ಯಾಗ್ನೆಟ್ ಸ್ಟ್ಯಾಂಡ್ ಇರುವ ಡಯಲ್ ಗೇಜ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. 0.01 ಮಿ.ಮೀ. ತೋರಿಸುವಂಥದ್ದು ಇರಲಿ. ಶಿಮ್ ಅಳೆಯಲು ಮೈಕ್ರೋಮೀಟರ್ ಬೇಕು. ವರ್ನಿಯರ್ ಕ್ಯಾಲಿಪರ್ ಸಾಲದು, ಅದರ ತಪ್ಪೇ ಒಂದು ಶಿಮ್‌ನಷ್ಟು ಇರುತ್ತದೆ.

ಬೇರಿಂಗ್ ಪುಲ್ಲರ್, ಹೈಡ್ರಾಲಿಕ್ ಪ್ರೆಸ್, ಟಾರ್ಕ್ ರೆಂಚ್, ಪಿನಿಯನ್ ಫ್ಲಾಂಜ್ (ಪ್ರೊಪೆಲ್ಲರ್ ಶಾಫ್ಟ್ ಬಂದು ಕೂಡುವ ತಟ್ಟೆ) ಹಿಡಿಯಲು ಬೋಲ್ಟ್ ಹಾಕುವ ಉದ್ದದ ಪಟ್ಟಿ, ನಂಬರ್ ಪಂಚ್, ಎಣ್ಣೆಕಲ್ಲು. ಗುರುತು ನೋಡಲು ಗೇರ್ ಮಾರ್ಕಿಂಗ್ ಪೇಸ್ಟ್. ಹಳದಿ ಅಥವಾ ಬಿಳಿ ಬಣ್ಣದ್ದು ಹಳೆ ಗೇರಿನ ಕಪ್ಪು ಮೈ ಮೇಲೆ ಚೆನ್ನಾಗಿ ಕಾಣುತ್ತದೆ. ಪ್ರಷ್ಯನ್ ಬ್ಲೂ ಇಲ್ಲಿ ಕಣ್ಣಿಗೆ ಸಿಗುವುದು ಕಷ್ಟ.

ಪ್ರೀಲೋಡ್ ಅಳೆಯಲು ಸಣ್ಣ ಅಳತೆಯ ಟಾರ್ಕ್ ರೆಂಚ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಸ್ಪ್ರಿಂಗ್ ತಕ್ಕಡಿ ಮತ್ತು ಒಂದು ಗಟ್ಟಿ ದಾರ ಸಾಕು. ಲೆಕ್ಕ ಮುಂದೆ ಹೇಳುತ್ತೇನೆ.

ಹೊಸದಾಗಿಯೇ ತರಬೇಕಾದವು: ಪಿನಿಯನ್ ನಟ್, ಸೀಲ್‌ಗಳು, ಗ್ಯಾಸ್ಕೆಟ್. ನಿಮ್ಮ ಆಕ್ಸಲ್‌ನಲ್ಲಿ ಕ್ರಷ್ ಸ್ಲೀವ್ (ಪಿನಿಯನ್ ನಟ್ ಬಿಗಿದಾಗ ಕುಗ್ಗಿ ಪ್ರೀಲೋಡ್ ಕೊಡುವ ಕೊಳವೆ) ಇದ್ದರೆ ಎರಡು ತನ್ನಿ. ಮೊದಲ ಸಲ ಮಾಡುವವರಿಗೆ ಎರಡನೆಯದು ಬೇಕಾಗುವ ಸಂಭವ ಜಾಸ್ತಿ.

## ಹಂತ 1: ಬಿಚ್ಚುವ ಮೊದಲು ಅಳೆಯಿರಿ

ಎಲ್ಲರೂ ಹಾರಿಸುವ ಹಂತ ಇದು. ಗೇರ್‌ಗೆ ಸ್ಪ್ಯಾನರ್ ಹಾಕುವ ಮೊದಲು ಈ ಕೆಲಸ ಮುಗಿಸಿ.

ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಅಡ್ಡ ಕೊಡಿ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಎಣ್ಣೆ ಇಳಿಸಿ, ಕವರ್ ತೆಗೆದು, ತಳಕ್ಕೆ ಏನು ಬಂದಿದೆ ನೋಡಿ. ಬೂದು ಬಣ್ಣದ ನುಣ್ಣನೆ ಪೇಸ್ಟ್ ಮಾಮೂಲು. ಬೆರಳಿಗೆ ಚುಚ್ಚುವ ಚೂರು, ಹೊಳೆಯುವ ಪದರ ಸಿಕ್ಕರೆ ಬೇರಿಂಗೋ ಹಲ್ಲೋ ಕಿತ್ತಿದೆ ಅಂತ ಅರ್ಥ.

ಆಮೇಲೆ ಕೇಸ್ ಅನ್ನು ಸನ್ನೆಪಟ್ಟಿಯಿಂದ ಎಡಕ್ಕೂ ಬಲಕ್ಕೂ ಮೀಟಿ ನೋಡಿ. ಅಲುಗಿದರೆ ಬೇರಿಂಗ್ ಸವೆದಿದೆ. ಪಿನಿಯನ್ ಫ್ಲಾಂಜನ್ನೂ ಹಿಂದೆ ಮುಂದೆ ಎಳೆದು ನೋಡಿ. ಎರಡನ್ನೂ ಬರೆದಿಡಿ.

ಈಗ ಬ್ಯಾಕ್‌ಲ್ಯಾಶ್. ಡಯಲ್ ಗೇಜ್‌ನ ಮೊನೆ ಕ್ರೌನ್ ಹಲ್ಲಿನ ಹೊರತುದಿಯ ಮೇಲೆ, ಹಲ್ಲು ಚಲಿಸುವ ದಿಕ್ಕಿಗೆ ನೇರವಾಗಿ ಕೂರಬೇಕು. ಓರೆಯಾಗಿ ಇಟ್ಟರೆ ಅಳತೆ ಸುಳ್ಳಾಗುತ್ತದೆ. ಪಿನಿಯನ್ ಅಲುಗದಂತೆ ಒಬ್ಬರು ಹಿಡಿಯಲಿ. ಕ್ರೌನ್ ಆಚೀಚೆ ಆಡಿಸಿ. ಸುತ್ತಲೂ ಕನಿಷ್ಠ 6 ಕಡೆ ಹೀಗೆ ಅಳೆದು, ಎಲ್ಲ ಅಂಕಿಯನ್ನೂ ಬರೆದುಕೊಳ್ಳಿ. ಎಲ್ಲಿ ಅತಿ ಕಡಿಮೆ ಬಂತೋ ಅಲ್ಲಿ ಬಣ್ಣದ ಚುಕ್ಕೆ ಇಡಿ.

ಒಂದು ಎಚ್ಚರ: ಕೇಸ್ ಬೇರಿಂಗ್ ಸಡಿಲ ಇದ್ದರೆ ಈ ಅಳತೆಯಲ್ಲಿ ಬೇರಿಂಗ್‌ನ ಆಟವೂ ಸೇರಿರುತ್ತದೆ. ಆಗ ಇದನ್ನು ಗುರಿಯಾಗಿ ಇಟ್ಟುಕೊಳ್ಳಬೇಡಿ, ಹಲ್ಲಿನ ಮೇಲಿನ ಗುರುತನ್ನೇ ನಂಬಬೇಕಾಗುತ್ತದೆ.

ಕೊನೆಯದಾಗಿ ನಾಲ್ಕೈದು ಹಲ್ಲಿನ ಎಣ್ಣೆ ಒರೆಸಿ, ಟಾರ್ಚ್ ಅನ್ನು ಅಡ್ಡ ಹಿಡಿದು ಎರಡೂ ಮೈಯ ಫೋಟೋ ತೆಗೆಯಿರಿ. ಹಲ್ಲಿನ ಮೇಲೆ ಒಂದು ಕಡೆ ಕನ್ನಡಿಯಂತೆ ಹೊಳೆಯುವ ಪಟ್ಟೆ ಕಾಣುತ್ತದೆ, ಸುತ್ತ ಮಂಕಾಗಿರುತ್ತದೆ. ಆ ಹೊಳಪಿನ ಪಟ್ಟೆಯೇ ಈ ಗೇರಿನ ಜಾಗ. ಮುಂದೆ 7ನೇ ಹಂತದಲ್ಲಿ ಈ ಫೋಟೋ ಕೈಪಿಡಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

## ಹಂತ 2: ಗುರುತು ಹಾಕಿ ಬಿಚ್ಚಿ

ಕೇಸ್ ಬೇರಿಂಗ್‌ನ ಎರಡು ಕ್ಯಾಪ್‌ಗಳನ್ನು ಹೌಸಿಂಗ್ (ಆಕ್ಸಲ್‌ನ ಹೊರಕವಚ) ಜೊತೆಗೇ ಕೊರೆದಿರುತ್ತಾರೆ. ಎಡದ್ದು ಎಡಕ್ಕೇ, ಬಲದ್ದು ಬಲಕ್ಕೇ, ತಲೆಕೆಳಗೂ ಆಗಬಾರದು. ಪಂಚ್‌ನಿಂದ ಎಡಕ್ಕೆ ಒಂದು ಚುಕ್ಕೆ, ಬಲಕ್ಕೆ ಎರಡು ಚುಕ್ಕೆ ಹೊಡೆಯಿರಿ. ಕ್ಯಾಪಿಗೂ ಅದರ ಪಕ್ಕದ ಹೌಸಿಂಗಿಗೂ ಹೊಡೆಯಬೇಕು.

ಪ್ರೊಪೆಲ್ಲರ್ ಶಾಫ್ಟ್ ಮತ್ತು ಫ್ಲಾಂಜ್ ಹೇಗೆ ಕೂತಿದ್ದವು ಅಂತ ಗೆರೆ ಎಳೆಯಿರಿ. ಕ್ರೌನ್, ಪಿನಿಯನ್‌ಗಳಲ್ಲಿ ಈಗ ಸೇರಿರುವ ಹಲ್ಲುಗಳಿಗೂ ಬಣ್ಣ ಹಾಕಿ, ಕಾರಣ 3ನೇ ಹಂತದಲ್ಲಿದೆ. ಶಿಮ್‌ಗಳನ್ನು ಎಡ, ಬಲ, ಪಿನಿಯನ್ ಅಂತ ಬರೆದ ಬೇರೆ ಬೇರೆ ಚೀಲದಲ್ಲಿ ಹಾಕಿ, ದಪ್ಪ ಅಳೆದು ಅದರ ಮೇಲೆಯೇ ಬರೆಯಿರಿ. ಕೆಲವು ಪಿನಿಯನ್‌ಗಳಲ್ಲಿ ಬೇರಿಂಗ್ ಪಕ್ಕ ತೆಳು ತಗಡಿನ ಎಣ್ಣೆತಟ್ಟೆ ಇರುತ್ತದೆ. ಅದೂ ಒಳ ಬೇರಿಂಗ್ ಸಾಲಿನಲ್ಲಿ ಕೂರುವುದಾದರೆ ಆಳದ ಲೆಕ್ಕಕ್ಕೆ ಸೇರುತ್ತದೆ. ಸುಮ್ನೆ ತಗಡು ಅಂತ ಬಿಟ್ಟರೆ ಅದರ ದಪ್ಪದಷ್ಟು ಆಳ ಪೂರ್ತಿ ತಪ್ಪುತ್ತದೆ.

ಸಾಲಿಸ್‌ಬರಿ ಮತ್ತು ಡಾನಾ ಮಾದರಿಯ ಆಕ್ಸಲ್‌ಗಳಲ್ಲಿ ಕೇಸ್ ಬಿಗಿಯಾಗಿ ಕೂತಿರುತ್ತದೆ. ಹೌಸಿಂಗ್ ಅಗಲಿಸುವ ಸ್ಪ್ರೆಡರ್ ಬಳಸಿದರೆ ಡಯಲ್ ಗೇಜ್ ಇಟ್ಟುಕೊಂಡೇ ಅಗಲಿಸಿ. 0.5 ಮಿ.ಮೀ. ದಾಟಿದರೆ ಹೌಸಿಂಗ್ ಮತ್ತೆ ಮೊದಲಿನ ಆಕಾರಕ್ಕೆ ಬರದೇ ಹೋಗಬಹುದು.

ಕ್ರೌನ್ ಬೋಲ್ಟ್ ಬಿಚ್ಚುವಾಗ ತಲೆ ಮೇಲೆ ಗುರುತು ಇದೆಯಾ ನೋಡಿ. ಕೆಲವು ಆಕ್ಸಲ್‌ಗಳಲ್ಲಿ ಅವು ಎಡ ಥ್ರೆಡ್‌ನವು, ಉಲ್ಟಾ ದಿಕ್ಕಿಗೆ ತಿರುಗಿಸಿ ಬಿಚ್ಚಬೇಕು. ಮಾಮೂಲು ದಿಕ್ಕಿಗೆ ಬಲ ಹಾಕಿದರೆ ಬಿಚ್ಚುವ ಬದಲು ಬಿಗಿಯಾಗಿ ಬೋಲ್ಟೇ ಮುರಿಯುತ್ತದೆ.

## ಹಂತ 3: ಈ ಗೇರ್ ಉಳಿಸಿಕೊಳ್ಳಬಹುದಾ?

ಕ್ರೌನ್ ಮತ್ತು ಪಿನಿಯನ್ ಯಾವತ್ತೂ ಜೋಡಿ. ಕಾರ್ಖಾನೆಯಲ್ಲೇ ಎರಡನ್ನೂ ಒಟ್ಟಿಗೆ ತಿರುಗಿಸಿ, ತೀಡಿ, ಎರಡರ ಮೇಲೂ ಒಂದೇ ಜೋಡಿ ನಂಬರ್ ಕೊರೆದಿರುತ್ತಾರೆ. ಬೇರೆ ಆಕ್ಸಲ್‌ನಿಂದ ಗೇರ್ ತರುವುದಾದರೆ ಮೊದಲು ನೋಡಬೇಕಾದ್ದು ಈ ನಂಬರ್. ಹೊಂದದಿದ್ದರೆ ಎಷ್ಟೇ ಹೊಳೆಯುತ್ತಿದ್ದರೂ ಬಿಟ್ಟುಬಿಡಿ. ಅದನ್ನು ಯಾವ ಶಿಮ್ ಹಾಕಿಯೂ ಸುಮ್ಮನಾಗಿಸಲು ಆಗುವುದಿಲ್ಲ.

ಹಲ್ಲಿನ ಮೇಲೆ ಗುಳಿ ಬಿದ್ದಿದ್ದರೆ, ಪದರ ಎದ್ದಿದ್ದರೆ, ಮೇಲಿಂದ ಕೆಳಕ್ಕೆ ಗೀರು ಇದ್ದರೆ, ಬಿಸಿಗೆ ನೀಲಿಗಟ್ಟಿದ್ದರೆ ಆ ಜೋಡಿ ಮುಗಿಯಿತು. ಉಗುರನ್ನು ಹಲ್ಲಿನ ಬುಡದಿಂದ ನೆತ್ತಿಗೆ ನಿಧಾನವಾಗಿ ಎಳೆಯಿರಿ. ಹೊಳಪಿನ ಪಟ್ಟೆ ಮುಗಿಯುವಲ್ಲಿ ಸಣ್ಣ ದಡ ತಾಕಿದ ಹಾಗೆ ಅನ್ನಿಸಬಹುದು. ಕಣ್ಣಿಗೆ ಕಂಡೂ ಉಗುರಿಗೆ ಸಿಗದಿದ್ದರೆ ಚಿಂತೆ ಇಲ್ಲ. ಉಗುರು ಅಲ್ಲಿ ನಿಂತುಬಿಟ್ಟರೆ ಸವೆತ ಆಳವಾಗಿದೆ, ಆ ಗೇರ್ ಸದ್ದಿಲ್ಲದೆ ಓಡುವ ಭರವಸೆ ಕಡಿಮೆ.

ಹಲ್ಲು ಎಣಿಸುವುದನ್ನು ಮರೆಯಬೇಡಿ. ಕ್ರೌನ್‌ಗೆ 41, ಪಿನಿಯನ್‌ಗೆ 11 ಇದ್ದರೆ ಅನುಪಾತ 3.73. ಎರಡಕ್ಕೂ ಸಾಮಾನ್ಯ ಭಾಗಕ ಇಲ್ಲ, ಹಾಗಾಗಿ ಪ್ರತಿ ಹಲ್ಲೂ ಎದುರಿನ ಪ್ರತಿ ಹಲ್ಲನ್ನೂ ಮುಟ್ಟುತ್ತದೆ. ಹೇಗೆ ಜೋಡಿಸಿದರೂ ಸರಿ. ಆದರೆ 40 ಮತ್ತು 10 ಇದ್ದರೆ ಅವೇ ಹಲ್ಲುಗಳು ಮತ್ತೆ ಮತ್ತೆ ಸೇರಿ ಸವೆದಿರುತ್ತವೆ. 39 ಮತ್ತು 9ಕ್ಕೂ 3 ಸಾಮಾನ್ಯ ಭಾಗಕ, ಅಲ್ಲಿಯೂ ಇದೇ ಕತೆ. ಇಂಥ ಜೋಡಿಯಲ್ಲಿ ಕಾರ್ಖಾನೆಯ ಟೈಮಿಂಗ್ ಗುರುತು ಎದುರುಬದುರು ಬರುವಂತೆಯೇ ಕೂರಿಸಬೇಕು. ಗುರುತು ಇಲ್ಲದಿದ್ದರೆ 2ನೇ ಹಂತದಲ್ಲಿ ನೀವೇ ಹಾಕಿದ ಬಣ್ಣ ನೋಡಿ ಕೂರಿಸಿ. ಹೊಸ ಗೇರಿನಲ್ಲಿ ಇದನ್ನು ಮರೆತರೂ ಒಮ್ಮೊಮ್ಮೆ ನಡೆದುಹೋಗುತ್ತದೆ. ಹಳೆಯದರಲ್ಲಿ ಒಂದು ಹಲ್ಲು ಆಚೀಚೆಯಾದರೂ ಕೂಗು ಶುರುವಾಗುತ್ತದೆ.

ಕೇಸ್ ಒಳಗಿನ ಸಣ್ಣ ಗೇರ್‌ಗಳು, ಅವುಗಳ ಹಿಂದಿನ ವಾಷರ್, ಅಡ್ಡ ಪಿನ್ ಕೂಡ ನೋಡಿ. ಪಿನ್ ಮೇಲೆ ಮೆಟ್ಟಿಲಿನಂಥ ಸವೆತ ಇದ್ದರೆ ಬದಲಿಸಿ. ಕಾರು ಹೊರಡುವಾಗ ಬರುವ "ಟಕ್" ಸದ್ದಿಗೆ ಎಷ್ಟೋ ಸಲ ಕಾರಣ ಇವು. ಬ್ಯಾಕ್‌ಲ್ಯಾಶ್ ಮೇಲೆ ಸುಮ್ನೆ ಆರೋಪ ಹೊರಿಸುತ್ತಾರೆ.

ಬೇರಿಂಗ್‌ಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ: ಒಮ್ಮೆ ಬಿಚ್ಚಿದ ಮೇಲೆ ನಾಲ್ಕನ್ನೂ ಹೊಸದು ಹಾಕಿ. ಗೇರ್ ಹಳೆಯದಿರಬಹುದು, ಅದನ್ನು ಹಿಡಿದಿಡುವ ಬೇರಿಂಗ್ ಹಳೆಯದಾಗಬಾರದು.

## ಹಂತ 4: ಪಿನಿಯನ್ ಆಳ

ಆಳವನ್ನು ನಿರ್ಧರಿಸುವುದು ತಲೆಯ ಪಕ್ಕದ ಒಳ ಬೇರಿಂಗ್ ಮಾತ್ರ. ಹೊರ ಬೇರಿಂಗ್‌ಗೆ ಇಲ್ಲಿ ಪಾತ್ರವಿಲ್ಲ.

ಅದೇ ಗೇರ್, ಅದೇ ಹೌಸಿಂಗ್, ಹೊಸ ಬೇರಿಂಗ್ ಆದರೆ: ಹಳೆ ಶಿಮ್‌ನಿಂದ ಶುರು ಮಾಡಿ. ಹಳೆ ಬೇರಿಂಗ್‌ನ ಕೋನ್ (ರೋಲರ್ ಇರುವ ಒಳಭಾಗ) ಅನ್ನು ಅದರ ಕಪ್ (ಹೊರ ಉಂಗುರ) ಒಳಗೆ ಕೂರಿಸಿ, ಸಮತಟ್ಟಾದ ಗಾಜಿನ ಮೇಲಿಟ್ಟು, ಒಂದೆರಡು ಸುತ್ತು ತಿರುಗಿಸಿ ಒಟ್ಟು ಎತ್ತರ ಅಳೆಯಿರಿ. ಹೊಸದನ್ನೂ ಹಾಗೇ ಅಳೆಯಿರಿ. ಹೊಸದು 0.05 ಮಿ.ಮೀ. ಎತ್ತರ ಇದ್ದರೆ ಶಿಮ್‌ನಿಂದ 0.05 ಮಿ.ಮೀ. ಕಳೆಯಿರಿ. ತಗ್ಗಿದ್ದರೆ ಅಷ್ಟು ಸೇರಿಸಿ.

ಬೇರೆ ಆಕ್ಸಲ್‌ನಿಂದ ತಂದ ಜೋಡಿ ಆದರೆ: ಪಿನಿಯನ್ ತಲೆಯ ಮೇಲೆ ಕೊರೆದ +2, -1 ಥರದ ಅಂಕಿ ಹುಡುಕಿ. ಹಳೆ ಇಂಗ್ಲಿಷ್, ಅಮೆರಿಕನ್ ಆಕ್ಸಲ್‌ಗಳಲ್ಲಿ ಇದು ಸಾಮಾನ್ಯವಾಗಿ ಇಂಚಿನ ಸಾವಿರದಲ್ಲಿ ಒಂದರ ಲೆಕ್ಕ. ಡಾನಾ ಪದ್ಧತಿಯಲ್ಲಿ + ಅಂದರೆ ಈ ಪಿನಿಯನ್ ನಡುಗೆರೆಯಿಂದ ಅಷ್ಟು ದೂರ ಕೂರಬೇಕು ಅಂತ, ಅಂದರೆ ಶಿಮ್ ಕಡಿಮೆ ಆಗಬೇಕು. ನಿಮ್ಮ ಹಳೆ ಪಿನಿಯನ್ -1, ತಂದದ್ದು +2 ಆದರೆ ವ್ಯತ್ಯಾಸ 3. ಶಿಮ್ 0.003 ಇಂಚು, ಅಂದರೆ ಸುಮಾರು 0.08 ಮಿ.ಮೀ. ಕಡಿಮೆ ಮಾಡಿ. ನಿಮ್ಮ ಆಕ್ಸಲ್ ತಯಾರಕರು ಇದೇ ಅರ್ಥದಲ್ಲಿ ಬರೆಯುತ್ತಾರಾ ಅಂತ ಕೈಪಿಡಿಯಲ್ಲಿ ಖಚಿತ ಮಾಡಿಕೊಳ್ಳಿ.

ಹೆಚ್ಚಿನ ಆಕ್ಸಲ್‌ಗಳಲ್ಲಿ ಶಿಮ್ ಜಾಸ್ತಿ ಆದರೆ ಪಿನಿಯನ್ ಕ್ರೌನ್ ಹತ್ತಿರಕ್ಕೆ ಬರುತ್ತದೆ. ಫೋರ್ಡ್ 9 ಇಂಚಿನದರಲ್ಲಿ ಉಲ್ಟಾ. ಅಲ್ಲಿ ಶಿಮ್ ಪಿನಿಯನ್ ಹಿಡಿದಿರುವ ಭಾಗದ ಹೊರಗೆ ಕೂರುವುದರಿಂದ, ಜಾಸ್ತಿ ಹಾಕಿದರೆ ಪಿನಿಯನ್ ದೂರ ಹೋಗುತ್ತದೆ.

ಶಿಮ್ ಬದಲಿಸುವ ಪ್ರತಿ ಸಲವೂ ಹೊಸ ಬೇರಿಂಗ್ ಕಿತ್ತು ಒತ್ತಿದರೆ ಅದು ಹಾಳಾಗುತ್ತದೆ. ಅದಕ್ಕೆ ಪರೀಕ್ಷೆಗೊಂದು ಬೇರಿಂಗ್ ಮಾಡಿಕೊಳ್ಳಿ. ಅದೇ ಕಂಪನಿಯ, ಅದೇ ನಂಬರಿನ ಒಂದು ಬೇರಿಂಗ್‌ನ ಒಳರಂಧ್ರವನ್ನು ಸ್ವಲ್ಪ ಉಜ್ಜಿ, ಕೈಯಲ್ಲೇ ಜಾರಿ ಕೂರುವಂತೆ ಮಾಡಿ. ಇದರ ಎತ್ತರ ಹೊಸದರ ಎತ್ತರಕ್ಕೆ ಸಮ ಇದೆಯಾ ಅಂತ ಅಳೆದುಕೊಳ್ಳಿ. ಅರ್ಧ ದಿನದ ಕೆಲಸ ಇದರಿಂದ ಉಳಿಯುತ್ತದೆ.

## ಹಂತ 5: ಕ್ರೌನ್ ಅನ್ನು ಕೇಸ್‌ಗೆ ಕೂರಿಸಿ

ಕೇಸ್‌ನ ಕೂರುವ ಮುಖ, ಕ್ರೌನ್‌ನ ಹಿಂಬದಿ ಎರಡನ್ನೂ ಎಣ್ಣೆಕಲ್ಲಿನಿಂದ ಹಗುರವಾಗಿ ಸವರಿ. ಉಬ್ಬು ಇದ್ದ ಕಡೆ ಕಲ್ಲು ಹೊಳೆಯುವ ಗುರುತು ಬಿಡುತ್ತದೆ. ಕೂದಲೆಳೆಯಷ್ಟು ಕಸ ಸಿಕ್ಕಿಕೊಂಡರೂ ಕ್ರೌನ್ ಓಲಾಡುತ್ತದೆ.

ಬಿಗಿ ಇದ್ದರೆ ಕ್ರೌನ್ ಅನ್ನು ಕುದಿಯುವ ನೀರಲ್ಲಿ ಬಿಸಿ ಮಾಡಿ, ಒರೆಸಿ, ಥಟ್ಟನೆ ಕೂರಿಸಿ. ಬೆಂಕಿಯ ಜ್ವಾಲೆ ತೋರಿಸಬೇಡಿ, ಹಲ್ಲಿನ ಗಡಸುತನ ಹೋಗುತ್ತದೆ. ಬೋಲ್ಟ್‌ಗಳನ್ನು ಎದುರುಬದುರಾಗಿ, ಮೂರು ಸುತ್ತಿನಲ್ಲಿ ಕೈಪಿಡಿಯ ಟಾರ್ಕ್‌ಗೆ ತನ್ನಿ. ಥ್ರೆಡ್ ಲಾಕರ್ ಹಾಕಿ.

ಹೌಸಿಂಗ್‌ನಲ್ಲಿ ಇಟ್ಟಮೇಲೆ ಕ್ರೌನ್‌ನ ಹಿಂಬದಿಗೆ ಡಯಲ್ ಗೇಜ್ ಇಟ್ಟು ಒಂದು ಪೂರ್ತಿ ಸುತ್ತು ತಿರುಗಿಸಿ. ಓಲಾಟ 0.05 ಮಿ.ಮೀ. ಒಳಗೆ ಇದ್ದರೆ ಚೆನ್ನ. 0.10 ಮಿ.ಮೀ. ದಾಟಿದರೆ ಮುಂದೆ ಹೋಗಬೇಡಿ. ಬಿಚ್ಚಿ, ಒರೆಸಿ, ಮತ್ತೆ ಕೂರಿಸಿ.

## ಹಂತ 6: ತಾತ್ಕಾಲಿಕ ಜೋಡಣೆ ಮತ್ತು ಬ್ಯಾಕ್‌ಲ್ಯಾಶ್

ಈ ಹಂತದಲ್ಲಿ ಕ್ರಷ್ ಸ್ಲೀವ್ ಬೇಡ, ಸೀಲೂ ಬೇಡ. ಹಳೆ ನಟ್ ಹಾಕಿ ಪಿನಿಯನ್ ಆಡದಷ್ಟು, ಸ್ವಲ್ಪ ಬಿಗಿ ಬರುವಷ್ಟು ತಿರುಗಿಸಿ. ಸ್ಲೀವ್ ಇಲ್ಲದಿರುವಾಗ ನಟ್ ಜಾಸ್ತಿ ಬಿಗಿದರೆ ಬೇರಿಂಗ್ ಕೆಡುತ್ತದೆ, ಕೈ ಹಗುರ ಇರಲಿ.

ಈಗ ಬ್ಯಾಕ್‌ಲ್ಯಾಶ್. ಹೊಸ ಗೇರಿಗೆ ಹೆಚ್ಚಿನ ಕೈಪಿಡಿಗಳು 0.13ರಿಂದ 0.23 ಮಿ.ಮೀ. ಆಸುಪಾಸು ಹೇಳುತ್ತವೆ. ಹಳೆ ಜೋಡಿಗೆ ನಿಮ್ಮ ಗುರಿ 1ನೇ ಹಂತದಲ್ಲಿ ಬರೆದುಕೊಂಡ ಅಂಕಿ.

ಯಾಕೆ ಅನ್ನುವುದು ನನಗೆ ಗೊತ್ತಾಗಿದ್ದು ಒಂದು ಆಕ್ಸಲ್ ಎರಡು ಸಲ ಬಿಚ್ಚಿದ ಮೇಲೆ. ಬಿಚ್ಚುವ ಮೊದಲು 0.28 ಮಿ.ಮೀ. ಇತ್ತು, ಬೇರಿಂಗ್‌ಗಳಲ್ಲಿ ಆಟ ಇರಲಿಲ್ಲ, ಸದ್ದೂ ಇರಲಿಲ್ಲ. ಜಾಸ್ತಿ ಆಯಿತು ಅಂದುಕೊಂಡು ಕೈಪಿಡಿಯಂತೆ 0.15ಕ್ಕೆ ತಂದೆ. ಮೊದಲ ಓಟದಲ್ಲೇ ಕೂಗು. ಬಿಚ್ಚಿ ನೋಡಿದರೆ ಹೊಳಪಿನ ಪಟ್ಟೆಯ ಎರಡೂ ಅಂಚಿನಲ್ಲಿ ಹೊಸದಾಗಿ ದಾರದಂಥ ಗೆರೆ ಮೂಡಿತ್ತು, ನಡುವೆ ಏನೂ ಇಲ್ಲ. ಹಲ್ಲು ನಡುವೆ ಸವೆದು ತಗ್ಗಾಗಿರುತ್ತದೆ, ಅಂಚು ಸವೆದಿರುವುದಿಲ್ಲ. ಹತ್ತಿರ ತಂದಾಗ ಮೊದಲು ತಾಕುವುದು ಆ ಅಂಚು. ಮತ್ತೆ 0.28ಕ್ಕೆ ತಂದ ಮೇಲೆ ಆಕ್ಸಲ್ ಶಾಂತವಾಯಿತು.

ಹಳೆ ಅಂಕಿ ಗೊತ್ತಿಲ್ಲದ ಜೋಡಿ ಆದರೆ, ಕೈಪಿಡಿಯ ಗರಿಷ್ಠ ಅಳತೆಯಿಂದ ಶುರು ಮಾಡಿ. ಮುಂದಿನ ಹಂತದ ಗುರುತು ನೋಡಿ ತಿದ್ದಿಕೊಳ್ಳಿ. ಅತಿ ಬಿಗಿ ಇರುವ ಜಾಗದಲ್ಲೂ ಬ್ಯಾಕ್‌ಲ್ಯಾಶ್ ಕೈಪಿಡಿಯ ಕನಿಷ್ಠಕ್ಕಿಂತ ಕೆಳಗೆ ಇಳಿಯಬಾರದು.

ಶಿಮ್ ಇರುವ ಆಕ್ಸಲ್‌ನಲ್ಲಿ ಒಂದು ಬದಿಯಿಂದ ಎಷ್ಟು ತೆಗೆಯುತ್ತೀರೋ ಅಷ್ಟೇ ಇನ್ನೊಂದು ಬದಿಗೆ ಹಾಕಿ. ಆಗ ಬೇರಿಂಗ್ ಬಿಗಿ ಬದಲಾಗುವುದಿಲ್ಲ. ಕ್ರೌನ್ 0.10 ಮಿ.ಮೀ. ಸರಿದರೆ ಬ್ಯಾಕ್‌ಲ್ಯಾಶ್ ಸುಮಾರು 0.07 ಮಿ.ಮೀ. ಬದಲಾಗುತ್ತದೆ. ಶಿಮ್ ಬದಲು ಥ್ರೆಡ್ ಇರುವ ಅಡ್ಜಸ್ಟರ್ ನಟ್ ಇದ್ದರೆ ಕೆಲಸ ಸುಲಭ: ಒಂದನ್ನು ಒಂದು ಕಚ್ಚು ಸಡಿಲಿಸಿ, ಎದುರಿನದನ್ನು ಒಂದು ಕಚ್ಚು ಬಿಗಿ ಮಾಡಿ.

ಸುತ್ತಲೂ 6 ಕಡೆ ಅಳೆದಾಗ ಒಂದಕ್ಕೊಂದು 0.08 ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಶಿಮ್ ಮುಟ್ಟಬೇಡಿ. 5ನೇ ಹಂತಕ್ಕೆ ವಾಪಸ್ ಹೋಗಿ. ಕ್ರೌನ್ ನೆಟ್ಟಗೆ ಕೂತಿಲ್ಲ.

## ಹಂತ 7: ಪೇಸ್ಟ್ ಹಚ್ಚಿ ಗುರುತು ಓದಿ

ಕೆಲಸದ ಜೀವ ಇರುವುದು ಇಲ್ಲಿ. ಸಮಯ ಕೊಡಿ.

ಕ್ರೌನ್‌ನ ಮೂರು ಕಡೆ, ತಲಾ ಮೂರ್ನಾಲ್ಕು ಹಲ್ಲಿಗೆ ಎರಡೂ ಮೈಗೆ ಪೇಸ್ಟ್ ತೆಳುವಾಗಿ ಹಚ್ಚಿ. ದಪ್ಪ ಹಚ್ಚಿದರೆ ಗುರುತು ಹರಡಿ ಮೋಸ ಮಾಡುತ್ತದೆ. ಕ್ರೌನ್‌ಗೆ ಮರದ ತುಂಡು ಒತ್ತಿ ಹಿಡಿದು ಭಾರ ಕೊಡಿ. ಪಿನಿಯನ್ ಫ್ಲಾಂಜನ್ನು ಎರಡೂ ದಿಕ್ಕಿಗೆ ಹಲವು ಸುತ್ತು ತಿರುಗಿಸಿ. ಭಾರ ಕೊಡದೆ ತಿರುಗಿಸಿದರೆ ಗುರುತು ಮಸುಕಾಗಿ ಮೂಡುತ್ತದೆ, ಅದನ್ನು ಓದಲು ಆಗುವುದಿಲ್ಲ.

ಮೊದಲು ಕೋಸ್ಟ್ ಸೈಡ್ ನೋಡಿ. ಹೊಸ ಗೇರ್ ಕೂರಿಸಿ ಅಭ್ಯಾಸ ಇರುವವರು ಡ್ರೈವ್ ಸೈಡ್‌ಗೆ ಕಣ್ಣು ಹಾಕುತ್ತಾರೆ. ಹಳೆ ಗೇರ್‌ನಲ್ಲಿ ಆ ಮೈ ಸವೆದಿರುತ್ತದೆ, ಅಲ್ಲಿನ ಗುರುತು ಅಗಲವಾಗಿ, ಚೆದುರಿದಂತೆ ಬರುತ್ತದೆ. ಕೋಸ್ಟ್ ಸೈಡ್‌ಗೆ ಭಾರ ಕಡಿಮೆ ಬಿದ್ದಿರುವುದರಿಂದ ಅದು ಹೆಚ್ಚುಕಡಿಮೆ ಮೊದಲಿನ ಆಕಾರದಲ್ಲೇ ಇರುತ್ತದೆ. ನಿಜವಾದ ಆಳ ಹೇಳುವುದು ಅದು. ಕೋಸ್ಟ್ ಸೈಡ್‌ನ ಗುರುತು ನೆತ್ತಿಗೂ ಬುಡಕ್ಕೂ ನಡುವೆ ಬರಬೇಕು.

ಆಮೇಲೆ ಡ್ರೈವ್ ಸೈಡ್. ಇಲ್ಲಿ ನಿಮ್ಮ ಫೋಟೋ ತೆಗೆದು ಪಕ್ಕದಲ್ಲಿ ಇಟ್ಟುಕೊಳ್ಳಿ. ಪೇಸ್ಟ್ ಅಳಿಸಿದ ಜಾಗ ಹಳೆ ಹೊಳಪಿನ ಪಟ್ಟೆಯ ಮೇಲೆಯೇ ಬಿದ್ದಿದೆಯಾ? ಬಿದ್ದಿದ್ದರೆ ಗೇರ್ ತನ್ನ ಜಾಗಕ್ಕೆ ಬಂತು. ಪಟ್ಟೆ ದಾಟಿ ಮಂಕು ಭಾಗಕ್ಕೆ ಹತ್ತಿದ್ದರೆ ಇನ್ನೂ ಬಂದಿಲ್ಲ.

ತಿದ್ದುವುದು ಹೀಗೆ:

1. ಎರಡೂ ಮೈಯಲ್ಲಿ ಗುರುತು ಬುಡಕ್ಕೆ ಇಳಿದಿದ್ದರೆ ಪಿನಿಯನ್ ಜಾಸ್ತಿ ಒಳಗಿದೆ. ದೂರ ಸರಿಸಿ.
2. ಎರಡೂ ಮೈಯಲ್ಲಿ ನೆತ್ತಿಗೆ ಏರಿದ್ದರೆ ಪಿನಿಯನ್ ಹೊರಗಿದೆ. ಹತ್ತಿರ ತನ್ನಿ.
3. ಎರಡೂ ಮೈಯಲ್ಲಿ ಒಳತುದಿಗೆ ಸರಿದಿದ್ದರೆ ಕ್ರೌನ್ ಹತ್ತಿರ ಆಗಿದೆ. ಬ್ಯಾಕ್‌ಲ್ಯಾಶ್ ಹೆಚ್ಚಿಸಿ.
4. ಎರಡೂ ಮೈಯಲ್ಲಿ ಹೊರತುದಿಗೆ ಸರಿದಿದ್ದರೆ ಕ್ರೌನ್ ದೂರ ಆಗಿದೆ. ಬ್ಯಾಕ್‌ಲ್ಯಾಶ್ ಕಡಿಮೆ ಮಾಡಿ.

ಗೊಂದಲ ಆಗುವುದು ಉದ್ದದ ದಿಕ್ಕಿನಲ್ಲಿ. ಪಿನಿಯನ್ ಹತ್ತಿರ ತಂದಾಗ ಡ್ರೈವ್ ಸೈಡ್‌ನ ಗುರುತು ಒಳತುದಿಗೆ, ಕೋಸ್ಟ್ ಸೈಡ್‌ನದು ಹೊರತುದಿಗೆ ಸರಿಯುತ್ತದೆ. ಕ್ರೌನ್ ಸರಿಸಿದಾಗ ಎರಡೂ ಒಂದೇ ತುದಿಗೆ ಹೋಗುತ್ತವೆ. ಹಾಗಾಗಿ ಎರಡೂ ಗುರುತು ಒಂದೇ ತುದಿಗೆ ಹೋಗಿದ್ದರೆ ಕ್ರೌನ್ ಸರಿಸಿ. ಒಂದು ಈ ತುದಿಗೆ, ಇನ್ನೊಂದು ಆ ತುದಿಗೆ ಹೋಗಿದ್ದರೆ ಪಿನಿಯನ್ ಶಿಮ್ ನೋಡಿ. ಇದೊಂದು ತಲೆಯಲ್ಲಿದ್ದರೆ ಶಿಮ್ ಬದಲಿಸುತ್ತಾ ಕತ್ತಲೆಯಲ್ಲಿ ತಡಕಾಡುವುದು ತಪ್ಪುತ್ತದೆ.

ಮೊದಲ ತಿದ್ದುವಿಕೆ 0.10 ಮಿ.ಮೀ. ಇರಲಿ. 0.02 ಬದಲಿಸಿದರೆ ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ, ಸುಸ್ತಾಗುತ್ತೀರಿ. ದಾಟಿ ಹೋದರೆ ಒಳ್ಳೆಯದೇ, ಸರಿಯಾದ ಜಾಗ ಎರಡರ ನಡುವೆ ಇದೆ ಅಂತ ಗೊತ್ತಾಯಿತು ಅಲ್ವಾ? ಆಮೇಲೆ 0.05ಕ್ಕೆ ಬನ್ನಿ. ಪಿನಿಯನ್ ಶಿಮ್ ಬದಲಿಸಿದಾಗಲೆಲ್ಲ ಬ್ಯಾಕ್‌ಲ್ಯಾಶ್ ಮತ್ತೆ ಸರಿಪಡಿಸಿ, ಆಮೇಲೆಯೇ ಪೇಸ್ಟ್ ಹಚ್ಚಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಪ್ರತಿ ಪ್ರಯತ್ನದ ಶಿಮ್, ಬ್ಯಾಕ್‌ಲ್ಯಾಶ್, ಫೋಟೋ ಮೂರನ್ನೂ ದಾಖಲಿಸಿ.

## ಹಂತ 8: ಕೊನೆಯ ಜೋಡಣೆ

ಪರೀಕ್ಷೆಯ ಬೇರಿಂಗ್ ತೆಗೆದು ಹೊಸದನ್ನು ಒತ್ತಿ. ಬಿಸಿ ಮಾಡುವುದಾದರೆ 110 ಡಿಗ್ರಿ ಸೆಲ್ಸಿಯಸ್ ಸಾಕು. ಪ್ರೆಸ್‌ನ ಬಲ ಒಳಗಿನ ಉಂಗುರದ ಮೇಲೆ ಮಾತ್ರ ಬೀಳಲಿ. ರೋಲರ್ ಪಂಜರ ಸ್ವಲ್ಪ ಬಾಗಿದರೂ ಆ ಬೇರಿಂಗ್ ಹೋಯಿತು. ಎಲ್ಲ ಬೇರಿಂಗ್‌ಗೂ ಗೇರ್ ಆಯಿಲ್ ಸವರಿ.

ಕ್ರಷ್ ಸ್ಲೀವ್ ಕೂರಿಸಿ, ಹೊಸ ನಟ್ ಹಾಕಿ. ಸೀಲ್ ಈಗಲೇ ಹಾಕಬೇಕಾದ ವಿನ್ಯಾಸ ಆದರೆ ಸೀಲ್‌ನ ಎಳೆತವೂ ಅಳತೆಯಲ್ಲಿ ಸೇರುತ್ತದೆ ಅನ್ನುವುದು ನೆನಪಿರಲಿ. ಸ್ಲೀವ್ ಕುಗ್ಗಲು ಭಾರಿ ಬಲ ಬೇಕು, 250 ನ್ಯೂಟನ್ ಮೀಟರ್ ದಾಟುವುದು ಮಾಮೂಲು. ಫ್ಲಾಂಜ್‌ಗೆ ಉದ್ದದ ಪಟ್ಟಿ ಕಟ್ಟಿ ನೆಲಕ್ಕೆ ಆನಿಸಿಕೊಳ್ಳಿ.

ಬಹಳ ಹೊತ್ತು ಏನೂ ಆಗುವುದಿಲ್ಲ. ಫ್ಲಾಂಜ್ ಹಿಂದೆ ಮುಂದೆ ಎಳೆದರೆ ಟಕಟಕ ಅನ್ನುತ್ತಲೇ ಇರುತ್ತದೆ. ಒಂದು ಹಂತದಲ್ಲಿ ಆ ಆಟ ನಿಲ್ಲುತ್ತದೆ. ಅಲ್ಲಿಂದ ಮುಂದೆ ನಟ್ ಅನ್ನು ಗಡಿಯಾರದ ನಿಮಿಷದ ಮುಳ್ಳು ಒಂದು ನಿಮಿಷಕ್ಕೆ ಸರಿಯುವಷ್ಟು ಮಾತ್ರ ತಿರುಗಿಸಿ, ಪಿನಿಯನ್ ಹತ್ತು ಸುತ್ತು ಸುತ್ತಿಸಿ, ಅಳೆಯಿರಿ. ಮತ್ತೆ ಅಷ್ಟೇ.

ತಕ್ಕಡಿಯ ಲೆಕ್ಕ ಇದು: ದಾರವನ್ನು ಫ್ಲಾಂಜ್‌ಗೆ ಸುತ್ತಿ, ತಕ್ಕಡಿಯಿಂದ ಒಂದೇ ವೇಗದಲ್ಲಿ ಎಳೆಯಿರಿ. ಶುರುವಿನ ಜಗ್ಗಿನ ಅಂಕಿ ಬೇಡ, ತಿರುಗುತ್ತಿರುವಾಗಿನದು ಬೇಕು. ಸುತ್ತಿದ ಜಾಗದ ತ್ರಿಜ್ಯ 50 ಮಿ.ಮೀ., ತಕ್ಕಡಿ 2.5 ಕೆ.ಜಿ. ತೋರಿಸಿದರೆ, 2.5 × 9.81 × 0.05, ಅಂದರೆ 1.2 ನ್ಯೂಟನ್ ಮೀಟರ್. ಹೊಸ ಬೇರಿಂಗ್‌ಗೆ ಅನೇಕ ಆಕ್ಸಲ್‌ಗಳಲ್ಲಿ 1.1ರಿಂದ 2.3 ನ್ಯೂಟನ್ ಮೀಟರ್ ಕೇಳುತ್ತಾರೆ. ಓಡಿದ ಬೇರಿಂಗ್ ಮತ್ತೆ ಹಾಕಿದ್ದರೆ ಅದರ ಅರ್ಧ. ನಿಮ್ಮ ಆಕ್ಸಲ್‌ನ ಅಂಕಿಗೆ ಕೈಪಿಡಿ ನೋಡಿ. ಬೇರಿಂಗ್ ಹೊಸದಾದ್ದರಿಂದ ಇಲ್ಲಿ ಕೈಪಿಡಿಯ ಮಾತೇ ಅಂತಿಮ.

ಜಾಸ್ತಿ ಬಿಗಿಯಾದರೆ ನಟ್ ಹಿಂದಕ್ಕೆ ತಿರುಗಿಸಿ ಸರಿ ಮಾಡಲು ಹೋಗಬೇಡಿ. ಕುಗ್ಗಿದ ಸ್ಲೀವ್ ಮತ್ತೆ ಉಬ್ಬುವುದಿಲ್ಲ. ನಟ್ ಸಡಿಲಾಗಿ, ಪಿನಿಯನ್ ಆಡಲು ಶುರುವಾಗಿ, ಗೇರ್ ಜೋಡಿಯೇ ಹೋಗುತ್ತದೆ. ಎರಡನೇ ಸ್ಲೀವ್ ತೆಗೆಯಿರಿ. ಗಟ್ಟಿ ಸ್ಪೇಸರ್ ಮತ್ತು ಶಿಮ್ ಇರುವ ಆಕ್ಸಲ್ ಆದರೆ ಈ ತಲೆನೋವು ಇಲ್ಲ. ನಟ್ ಪೂರ್ತಿ ಟಾರ್ಕ್‌ಗೆ ಬಿಗಿದು ಅಳೆಯಿರಿ, ಶಿಮ್ ಬದಲಿಸಿ ಸರಿಪಡಿಸಿ.

ಕೇಸ್ ಕೂರಿಸಿ, ಕ್ಯಾಪ್‌ಗಳನ್ನು ಚುಕ್ಕೆ ನೋಡಿಕೊಂಡು ಹಾಕಿ, ಟಾರ್ಕ್ ಕೊಡಿ. ಶಿಮ್ ಇರುವ ಕಡೆ ಕೇಸ್ ಸಡಿಲವಾಗಿ ಜಾರಿ ಕೂರಬಾರದು. ಚರ್ಮದ ಸುತ್ತಿಗೆಯಿಂದ ತಟ್ಟಿದರೆ ಮಾತ್ರ ಒಳಗೆ ಹೋಗಬೇಕು. ಬ್ಯಾಕ್‌ಲ್ಯಾಶ್ ಮತ್ತೆ 6 ಕಡೆ, ಪೇಸ್ಟ್ ಗುರುತು ಮತ್ತೆ ಒಮ್ಮೆ. ಬೇರಿಂಗ್ ಬದಲಾದಾಗ ಗುರುತು ಸ್ವಲ್ಪ ಸರಿದಿದ್ದರೆ ಈಗಲೇ ಗೊತ್ತಾಗಲಿ.

## ಹಂತ 9: ಎಣ್ಣೆ ಮತ್ತು ಮೊದಲ ಓಟ

ಪೇಸ್ಟ್ ಪೂರ್ತಿ ಒರೆಸಿ. ಹೌಸಿಂಗ್ ಮೇಲಿನ ಗಾಳಿ ತೂತು ಸ್ವಚ್ಛ ಮಾಡಿ. ಅದು ಕಟ್ಟಿಕೊಂಡರೆ ಒಳಗಿನ ಒತ್ತಡ ಎಣ್ಣೆಯನ್ನು ಸೀಲ್ ಮೂಲಕ ಬ್ರೇಕ್ ಲೈನಿಂಗ್ ಮೇಲೆ ತಳ್ಳುತ್ತದೆ.

ಹೈಪಾಯ್ಡ್ ಗೇರ್‌ಗೆ (ಪಿನಿಯನ್ ಕ್ರೌನ್‌ನ ನಡುಗೆರೆಗಿಂತ ಕೆಳಗೆ ಕೂರುವ ಜೋಡಿ) ಜಿಎಲ್-5 ದರ್ಜೆಯ ಎಣ್ಣೆ ಬೇಕು, ಸಾಮಾನ್ಯವಾಗಿ 80ಡಬ್ಲ್ಯೂ-90. ಇಲ್ಲಿ ಹಲ್ಲುಗಳು ಒಂದರ ಮೇಲೊಂದು ಜಾರುತ್ತಾ ಉರುಳುವುದರಿಂದ ಮಾಮೂಲು ಎಣ್ಣೆಯ ಪದರ ಹರಿದುಹೋಗುತ್ತದೆ. ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಸುಮ್ನೆ ಸುತ್ತದಂತೆ ತಡೆಯುವ ಡಿಫರೆನ್ಷಿಯಲ್) ಇದ್ದರೆ ಅದಕ್ಕೆ ಹೇಳಿದ ಎಣ್ಣೆಯನ್ನೇ ಹಾಕಿ. ಕಾರು ಸಮನಾಗಿ ನಿಂತಿರುವಾಗ ತುಂಬುವ ತೂತಿನ ಅಂಚಿಗೆ ಬರಬೇಕು.

ಮೊದಲ 20–30 ಕಿ.ಮೀ. ಹಗುರವಾಗಿ, ವೇಗ ಏರಿಳಿಸುತ್ತಾ ಓಡಿಸಿ. ನಿಲ್ಲಿಸಿ, ಪೂರ್ತಿ ಆರಲು ಬಿಡಿ. ಆದರೆ ಆರುವ ಮೊದಲು, ನಿಲ್ಲಿಸಿದ ಕೂಡಲೇ, ಹೌಸಿಂಗ್‌ನ ಮೂತಿ (ಪಿನಿಯನ್ ಇರುವ ತುದಿ) ಹತ್ತಿರ ಕೈ ಒಯ್ದು ನೋಡಿ, ಆಮೇಲೆ ಹುಷಾರಾಗಿ ಮುಟ್ಟಿ. ಬೆಚ್ಚಗಿರುವುದು ಸಹಜ. ಕ್ಷಣ ಮಾತ್ರವೂ ಕೈ ಇಡಲಾಗದಷ್ಟು ಸುಡುತ್ತಿದ್ದು, ಹೌಸಿಂಗ್‌ನ ಉಳಿದ ಭಾಗ ಅಷ್ಟು ಬಿಸಿ ಇಲ್ಲದಿದ್ದರೆ ಪಿನಿಯನ್ ಪ್ರೀಲೋಡ್ ಜಾಸ್ತಿ ಆಗಿದೆ. ಮುಂದೆ ಓಡಿಸಬೇಡಿ.

## ಸದ್ದು ಕೇಳಿ ಕಾರಣ ಹಿಡಿಯಿರಿ

ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಕೂಗಿದರೆ ಡ್ರೈವ್ ಸೈಡ್‌ನ ಗುರುತು ಸರಿಯಿಲ್ಲ. ಕಾಲು ತೆಗೆದಾಗ ಮಾತ್ರ ಕೂಗಿದರೆ ಕೋಸ್ಟ್ ಸೈಡ್ ನೋಡಿ. ಅದಕ್ಕೂ ಮೊದಲು ಪಿನಿಯನ್ ನಟ್ ಸಡಿಲಾಗಿದೆಯಾ, ಫ್ಲಾಂಜ್ ಆಡುತ್ತಿದೆಯಾ ನೋಡಿ.

ಒತ್ತಿದರೂ ಬಿಟ್ಟರೂ ಬದಲಾಗದ ಗುರ್ ಸದ್ದು ಬೇರಿಂಗ್‌ನದು. 3.73 ಅನುಪಾತದಲ್ಲಿ ಪಿನಿಯನ್ ಕ್ರೌನ್‌ಗಿಂತ 3.73 ಪಟ್ಟು ವೇಗವಾಗಿ ತಿರುಗುತ್ತದೆ. ಹಾಗಾಗಿ ಪಿನಿಯನ್ ಬೇರಿಂಗ್ ಸದ್ದು ಏರುಸ್ವರದ್ದು, ಕೇಸ್ ಬೇರಿಂಗ್‌ದು ಗಂಭೀರವಾದದ್ದು. ರಸ್ತೆಯ ಮೈ ಬದಲಾದಾಗ ಸದ್ದೂ ಬದಲಾದರೆ ಅದು ಟೈರ್. ಇದನ್ನು ಖಚಿತ ಮಾಡಿಕೊಳ್ಳದೆ ಆಕ್ಸಲ್ ಬಿಚ್ಚಬೇಡಿ.

ಕೂಗು ಬಂದರೆ "ಓಡ್ತಾ ಓಡ್ತಾ ಸರಿಹೋಗುತ್ತೆ" ಅಂತ ಬಿಡಬೇಡಿ. ಹೊಳಪಿನ ಪಟ್ಟೆ ಈಗ ಬೇರೆ ಜಾಗದಲ್ಲಿ ಮೂಡಲು ಶುರುವಾಗಿರುತ್ತದೆ. ಬೇಗ ಬಿಚ್ಚಿದರೆ ಹಳೆ ಜಾಗಕ್ಕೆ ವಾಪಸ್ ತರಬಹುದು. ಸಾವಿರಾರು ಕಿ.ಮೀ. ಓಡಿಸಿದ ಮೇಲೆ ಬಿಚ್ಚಿದರೆ ಆ ಹಲ್ಲಿಗೆ ಎರಡು ಜಾಗ ಇರುತ್ತದೆ, ಎರಡರಲ್ಲೂ ಸುಮ್ಮನಿರುವುದಿಲ್ಲ.

ಎಲ್ಲ ಸರಿ ಇದ್ದರೆ 800 ಕಿ.ಮೀ. ಹತ್ತಿರ ಎಣ್ಣೆ ಬದಲಿಸಿ. ಅಲ್ಲಿಯವರೆಗೆ ಭಾರ ಎಳೆಯುವುದು, ಜೋರಾಗಿ ಹೊರಡುವುದು ಬೇಡ. ಇಳಿಸಿದ ಎಣ್ಣೆಯನ್ನು ಬಿಳಿ ಬಟ್ಟೆಯಲ್ಲಿ ಸೋಸಿ, ಡ್ರೈನ್ ಪ್ಲಗ್‌ನಲ್ಲಿ ಮ್ಯಾಗ್ನೆಟ್ ಇದ್ದರೆ ಅದನ್ನು ಬೆರಳಿಂದ ಉಜ್ಜಿ ನೋಡಿ. ನುಣ್ಣನೆ ಬೂದು ಪೇಸ್ಟ್ ಮಾತ್ರ ಸಿಕ್ಕರೆ ಹೊಸ ಎಣ್ಣೆ ತುಂಬಿ ಪ್ಲಗ್ ಬಿಗಿ ಮಾಡಿ. ಬೆರಳಿಗೆ ಚೂರು ತಾಕಿದರೆ ಕವರ್ ತೆಗೆದು, ಟಾರ್ಚ್ ಹಿಡಿದು, ಮತ್ತೆ ಹಲ್ಲುಗಳನ್ನು ಒಂದೊಂದಾಗಿ ನೋಡಿ.